ಕಾಫಿ ಪುಡಿ ಘಟಕಕ್ಕೆ ಪಿಎಂಎಫ್‌ಎಂಇ ಸಾಲ: ಕೊಡಗಿನ ಮಹಿಳೆಯರಿಗೆ ಎಷ್ಟು ಅನುಕೂಲ, ಎಲ್ಲಿ ತೊಡಕು

ಕೊಡಗಿನಲ್ಲಿ ಕಾಫಿ ಹುರಿದು, ಪುಡಿ ಮಾಡಿ, ಪ್ಯಾಕ್ ಮಾಡಿ ಮಾರುವ ಸಣ್ಣ ಘಟಕ ಹಾಕಬೇಕೆಂದಿರುವ ಮಹಿಳೆಗೆ ಸರ್ಕಾರಿ ಸಾಲ ಯೋಜನೆಗಳಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗೆಂದಿರುವ ಪ್ರಧಾನ ಮಂತ್ರಿ ಯೋಜನೆ. ಯಂತ್ರ ಕೊಳ್ಳಲು ಇದರಷ್ಟು ನೆರವು ಬೇರೆ ಕಡೆ ಸಿಗುವುದು ಕಷ್ಟ. ಕಚ್ಚಾ ಕಾಫಿ ಕೊಳ್ಳುವ ದುಡ್ಡಿಗೆ ಮಾತ್ರ ಇದನ್ನು ನಂಬಿ ಕೂರುವಂತಿಲ್ಲ. ನಿಯಮಾವಳಿಯಲ್ಲಿ ಗಂಡು, ಹೆಣ್ಣು ಎಂಬ ಭೇದವಿಲ್ಲ. ಆದರೂ ಅರ್ಜಿ ಯೋಜನಾ ವರದಿ ಬರೆಯುವವರಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಯಂತ್ರ ಮಾರುವವರ ಬಳಿಗೆ ಹೋಗುವಾಗ ‘ಹೆಂಗಸರಿಗೆ ಇಷ್ಟು ಸಾಕು’ ಎಂಬ ಎಣಿಕೆ ದಾರಿಯುದ್ದಕ್ಕೂ ಅಂಕಿಗಳ ರೂಪದಲ್ಲಿ ಸೇರಿಕೊಳ್ಳುತ್ತದೆ. ಯಂತ್ರದ ಗಾತ್ರ ಕುಗ್ಗುತ್ತದೆ, ಸಾಲದ ಅವಧಿ ಮೊಟಕಾಗುತ್ತದೆ, ಜಾಮೀನು ಹೆಚ್ಚುತ್ತದೆ, ಅವಳ ದುಡಿಮೆಗೆ ಸಂಬಳವೇ ಬರೆಯುವುದಿಲ್ಲ. ಕೌಂಟರಿನಲ್ಲಿ ಯಾರೋ ಆಡಿದ ಮಾತನ್ನು ಮರೆಯಬಹುದು. ವರದಿಯಲ್ಲಿ ಕೂತ ಅಂಕಿಯನ್ನು ಸಾಲ ತೀರುವವರೆಗೂ ಹೊರಬೇಕಾಗುತ್ತದೆ. ಹಾಗಾಗಿ ಈ ಯೋಜನೆಯನ್ನು ಇಲ್ಲಿ ಆ ಕಡೆಯಿಂದಲೇ ಒರೆಗೆ ಹಚ್ಚಿದ್ದೇವೆ.

ಮೊದಲು ಮೂಲ ಸಂಗತಿ. ಕೇಂದ್ರ ಸರ್ಕಾರ 2020ರ ಜೂನ್ 29ರಂದು ಶುರು ಮಾಡಿದ ಯೋಜನೆ ಇದು. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ. ಕರ್ನಾಟಕ ಸರ್ಕಾರ ಇದರ ಮೇಲೆ ಶೇ. 15 ಸೇರಿಸಿರುವುದರಿಂದ ನಮ್ಮ ರಾಜ್ಯದಲ್ಲಿ ಒಟ್ಟು ಶೇ. 50, ಗರಿಷ್ಠ 15 ಲಕ್ಷ. ಅರ್ಜಿದಾರರು ಕನಿಷ್ಠ ಶೇ. 10 ಕೈಯಿಂದ ಹಾಕಬೇಕು, ಉಳಿದದ್ದು ಬ್ಯಾಂಕ್ ಸಾಲ. ರಾಜ್ಯದಲ್ಲಿ ಇದನ್ನು ನಡೆಸುವುದು ಕೆಪೆಕ್ (ಕರ್ನಾಟಕದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ). ಜಿಲ್ಲೆಯಲ್ಲಿ ವಿಚಾರಿಸಬೇಕಾದದ್ದು ಜಂಟಿ ಕೃಷಿ ನಿರ್ದೇಶಕರ ಕಚೇರಿ. ಒಂದು ಜಿಲ್ಲೆ ಒಂದು ಉತ್ಪನ್ನದ ಪಟ್ಟಿಯಲ್ಲಿ ಕೊಡಗಿನ ಪಾಲಿಗೆ ಬಂದಿರುವುದು ಕಾಫಿ. ಐದು ವರ್ಷಕ್ಕೆಂದು ಬಂದ ಯೋಜನೆಯನ್ನು 2025-26ರ ವರೆಗೆ ವಿಸ್ತರಿಸಿದ್ದರು. ಆದ್ದರಿಂದ ಕೊಟೇಶನ್‌ಗೆ ಓಡಾಡುವ ಮೊದಲು ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ, ರಾಜ್ಯದ ಪಾಲಿನ ಶೇ. 15 ಬರುತ್ತದೆಯೇ ಎಂದು ಅಲ್ಲಿ ಕೇಳಿಕೊಳ್ಳಿ.

ಸಹಾಯಧನ ಯಾವುದಕ್ಕೆ ಲೆಕ್ಕವಾಗುತ್ತದೆ ಎಂಬುದನ್ನು ಆರಂಭದಲ್ಲೇ ತಿಳಿದುಕೊಂಡರೆ ಮುಂದೆ ಬೇಸರವಿಲ್ಲ. ಯಂತ್ರೋಪಕರಣಕ್ಕೆ ಸಿಗುತ್ತದೆ. ಯಂತ್ರ ಕೂರಿಸಲು ಬೇಕಾದ ಕಟ್ಟಡ ಕೆಲಸಕ್ಕೂ ಸಿಗುತ್ತದೆ, ಆದರೆ ಅದು ಒಟ್ಟು ವೆಚ್ಚದ ಶೇ. 30 ಮೀರಬಾರದು. ಜಾಗ ಕೊಳ್ಳುವ ಖರ್ಚು ಸೇರುವುದಿಲ್ಲ. ಬಾಡಿಗೆ ಶೆಡ್ ಆದರೆ ಮೂರು ವರ್ಷದವರೆಗಿನ ಬಾಡಿಗೆಯನ್ನು ಸೇರಿಸಬಹುದು. ಚೆರಿ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣು), ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಕೊಳ್ಳುವ ದುಡಿಯುವ ಬಂಡವಾಳಕ್ಕೆ ಸಹಾಯಧನವಿಲ್ಲ.

ಇನ್ನೊಂದು ನಿಯಮವನ್ನು ಅರ್ಜಿ ತುಂಬುವ ಮುಂಚೆ ಮನೆಯಲ್ಲಿ ಕೂತು ಮಾತಾಡಿ ಬಗೆಹರಿಸಿಕೊಳ್ಳಬೇಕು. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಈ ನೆರವು, ಮತ್ತು ಇಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಮಕ್ಕಳು. ಗಂಡ ಈಗಾಗಲೇ ಕಾಳುಮೆಣಸು ಸಂಸ್ಕರಣೆಗೋ ಜೇನಿಗೋ ಇದೇ ಯೋಜನೆಯಲ್ಲಿ ಸಹಾಯಧನ ಪಡೆದಿದ್ದರೆ ಹೆಂಡತಿಗೆ ಬಾಗಿಲು ಮುಚ್ಚಿದಂತೆಯೇ. ಹೊರನೋಟಕ್ಕೆ ಎಲ್ಲರಿಗೂ ಒಂದೇ ನಿಯಮ. ಆದರೆ ಮನೆಯಲ್ಲಿ ‘ಉದ್ಯಮ’ ಅಂದರೆ ಗಂಡಸರದ್ದು ಎಂದಾದಾಗ ಮೊದಲ ಅರ್ಜಿ ಹೋಗುವುದೂ ಅವರ ಹೆಸರಿನಲ್ಲೇ. ಕಾಫಿ ಹುರಿಯುವ ಕೆಲಸ ನಿಜವಾಗಿ ಯಾರು ಮಾಡುತ್ತಾರೋ, ಲೆಕ್ಕ ಯಾರು ಇಡುತ್ತಾರೋ ಅವರ ಹೆಸರಿನಲ್ಲೇ ಅರ್ಜಿ ಹೋಗಲಿ.

ಉಪ್ಪಿನಕಾಯಿ ಸಾಕಲ್ವಾ ಮೇಡಂ?

ಮಹಿಳೆ ಅರ್ಜಿ ಹಿಡಿದು ಬಂದರೆ ಎದುರಿನವರ ಬಾಯಲ್ಲಿ ತಾನಾಗಿ ಬರುವ ಪಟ್ಟಿ ಕೊಡಗಿನಲ್ಲಿ ಎಲ್ಲರಿಗೂ ಗೊತ್ತು: ಉಪ್ಪಿನಕಾಯಿ, ಜಾಮ್, ಹೋಮ್‌ಮೇಡ್ ಚಾಕೊಲೇಟ್, ಅಡುಗೆಗೆ ಹಾಕುವ ಕಪ್ಪು ಹುಳಿಯಾದ ಕಾಚಂಪುಳಿ. ಇವು ಒಳ್ಳೆಯ ವ್ಯಾಪಾರಗಳೇ. ತೊಂದರೆ ಇರುವುದು ಕಾಫಿಯನ್ನು ಆ ಪಟ್ಟಿಯಿಂದ ಹೊರಗಿಡುವುದರಲ್ಲಿ. ತೋಟದಲ್ಲಿ ಹಣ್ಣು ಕೊಯ್ಯುವವರು, ಕಣದಲ್ಲಿ ಚೆರಿ ಹರವಿ ಕೆದಕುವವರು, ಸಂಜೆ ಟಾರ್ಪಾಲು ಮುಚ್ಚುವವರು ಹೆಚ್ಚಾಗಿ ಹೆಂಗಸರು. ಮೂಟೆ ತೂಕಕ್ಕೆ ಬಂದು ಔಟ್‌ಟರ್ನ್ (ಮೂಟೆಗೆ ಎಷ್ಟು ಬೀಜ ಬರುತ್ತದೆ ಎಂಬ) ಲೆಕ್ಕ ಶುರುವಾದ ಕೂಡಲೇ ವ್ಯವಹಾರ ಗಂಡಸರ ಕೈಗೆ ಹೋಗುತ್ತದೆ. ಹೀಗಾಗಿ ದರ ಮಾತಾಡುವ ರೂಢಿಯೇ ಬೆಳೆಯದೆ, ‘ಕಾಫಿ ವ್ಯಾಪಾರ ನಿಮಗೆ ಗೊತ್ತಾಗಲ್ಲ’ ಎಂಬ ಮಾತಿಗೆ ಆಧಾರ ಸಿಕ್ಕಂತಾಗುತ್ತದೆ. ‘ಕೊಡಗಿನ ಹೆಣ್ಣುಮಕ್ಕಳು ಗಟ್ಟಿಗಿತ್ತಿಯರು, ಅವರಿಗೆಲ್ಲಿಯ ತಾರತಮ್ಯ’ ಎಂಬ ಹೊಗಳಿಕೆಯಿಂದಲೂ ನಷ್ಟವಿದೆ. ಆ ಮಾತಿನ ಎದುರು ತಮಗಾದ ತೊಂದರೆಯನ್ನು ಬಾಯಿಬಿಟ್ಟು ಹೇಳುವುದೇ ಕಷ್ಟ.

ಸಣ್ಣದಾಗಿ ಇಡುವುದರ ಫಲ ದೇಶದ ಅಂಕಿಗಳಲ್ಲೂ ಕಾಣುತ್ತದೆ. ಸಣ್ಣ ಉದ್ಯಮಗಳನ್ನು ನೋಂದಾಯಿಸುವ ಕೇಂದ್ರದ ಉದ್ಯಮ್ ಪೋರ್ಟಲಿನಲ್ಲಿ ನೋಂದಾಯಿತ ಘಟಕಗಳಲ್ಲಿ ಮಹಿಳೆಯರ ಒಡೆತನದವು ಶೇ. 20.5 ಎಂದು 2024ರ ಆರಂಭದಲ್ಲಿ ಕೇಂದ್ರ ಸಚಿವಾಲಯ ತಿಳಿಸಿತ್ತು. ಅದೇ ಲೆಕ್ಕದಲ್ಲಿ ಹೂಡಿಕೆಯಲ್ಲಿ ಅವರ ಪಾಲು ಶೇ. 11.15, ವಹಿವಾಟಿನಲ್ಲಿ ಶೇ. 10.22. ಕಡಿಮೆ ಹೂಡಿಕೆಯ ಬೆನ್ನಿಗೇ ಕಡಿಮೆ ವಹಿವಾಟು.

ಕಾಫಿ ಘಟಕದಲ್ಲಿ ಇದು ಹೇಗೆ ಎಂದು ಬಿಡಿಸಿ ನೋಡೋಣ. ತಿಂಗಳಿಗೆ 300 ಕಿಲೊ ಪುಡಿ ಮಾರುವ ಗುರಿ ಇಟ್ಟುಕೊಳ್ಳಿ. ಹುರಿಯುವಾಗ ತೂಕ ಸುಮಾರು ಶೇ. 17 ಇಳಿಯುತ್ತದೆ ಎಂದರೆ ಬೇಕಾಗುವ ಹಸಿ ಬೀಜ 361 ಕಿಲೊ. ಹುರಿಯುವುದು, ತಣಿಸುವುದು, ಮತ್ತೆ ಡ್ರಮ್ ಕಾಯಿಸುವುದು ಎಲ್ಲ ಸೇರಿ ಗಂಟೆಗೆ ಮೂರು ಬ್ಯಾಚ್ ತೆಗೆಯಬಹುದು. ‘ಶುರುವಿಗೆ ಸಣ್ಣದೇ ಇರಲಿ’ ಎಂದು 1 ಕಿಲೊ ಬ್ಯಾಚಿನ ಯಂತ್ರ ಬರೆದುಕೊಟ್ಟರೆ ಆ 361 ಕಿಲೊ ಹುರಿಯಲು 120 ಗಂಟೆ ಬೇಕು. ದಿನಕ್ಕೆ ಆರು ಗಂಟೆಯಂತೆ ತಿಂಗಳಲ್ಲಿ 20 ದಿನ ಯಂತ್ರದ ಮುಂದೆಯೇ ನಿಲ್ಲಬೇಕು. 5 ಕಿಲೊ ಯಂತ್ರದಲ್ಲಿ ಅದೇ ಕೆಲಸ 24 ಗಂಟೆ, ಅಂದರೆ ನಾಲ್ಕು ದಿನ. ಉಳಿದ 16 ದಿನದಲ್ಲಿ ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದ ಅಂಗಡಿಗಳನ್ನು ಸುತ್ತಬಹುದು, ಹೋಂಸ್ಟೇಗಳಿಗೆ ಮಾದರಿ ಕೊಡಬಹುದು, ಬಾಕಿ ವಸೂಲಿ ಮಾಡಬಹುದು. ಸಣ್ಣ ಯಂತ್ರ ಅಗ್ಗವೆಂದು ಕಾಣುವುದು ಅವಳ ಸಮಯಕ್ಕೆ ಬೆಲೆ ಕಟ್ಟದಿದ್ದಾಗ ಮಾತ್ರ.

ಯೋಜನಾ ವರದಿಯಲ್ಲಿ ಬೆರಳಿಟ್ಟು ನೋಡಬೇಕಾದ ಎರಡು ಸಾಲು

ವರದಿ ತಯಾರಿಸಲು, ಪೋರ್ಟಲಿನಲ್ಲಿ ಅರ್ಜಿ ಹಾಕಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಇರುತ್ತಾರೆ. ಅವರಿಗೆ ಸಂಭಾವನೆ ಕೊಡುವುದು ಸರ್ಕಾರ. ಅರ್ಜಿದಾರರು ಏನೂ ಕೊಡಬೇಕಾಗಿಲ್ಲ. ಈ ಸೇವೆ ಯೋಜನೆಯ ದೊಡ್ಡ ಗುಣ. ಆದರೆ ಸಿದ್ಧ ನಮೂನೆಯಲ್ಲಿ ಹೆಸರು, ಅಂಕಿ ಬದಲಿಸಿ ಕೊಟ್ಟ ವರದಿಗೆ ಓದದೆ ಸಹಿ ಹಾಕಬಾರದು.

ಮೊದಲ ಸಾಲು ಸಂಬಳದ್ದು. ಸಹಾಯಕರೊಬ್ಬರ ಕೂಲಿ ಬರೆದು, ಒಡತಿಯ ದುಡಿಮೆಯ ಕಡೆ ಖಾಲಿ ಬಿಟ್ಟಿರುತ್ತಾರೆ. ಮನೆಯ ಹೆಂಗಸು ಮನೆಯಂಗಳದ ಶೆಡ್‌ನಲ್ಲಿ ಮಾಡುವ ಕೆಲಸಕ್ಕೆ ಸಂಬಳವೇನು ಎಂಬುದು ಅಲ್ಲಿನ ಲೆಕ್ಕ. ಇದರಿಂದ ಲಾಭ ಉಬ್ಬಿ ಕಾಣುತ್ತದೆ, ಪುಡಿಯ ದರವನ್ನು ತೀರ ಕೆಳಗೆ ಇಡುವಂತಾಗುತ್ತದೆ, ಮುಂದೆ ಕೆಲಸಕ್ಕೆ ಜನ ಇಟ್ಟುಕೊಳ್ಳಬೇಕಾದ ದಿನ ಅದೇ ದರದಲ್ಲಿ ನಷ್ಟ ಶುರುವಾಗುತ್ತದೆ. ಊರಿನಲ್ಲಿ ಅದೇ ಕೆಲಸಕ್ಕೆ ಬೇರೆಯವರಿಗೆ ಏನು ಕೊಡಬೇಕೋ ಅಷ್ಟನ್ನು ಒಡತಿಯ ಹೆಸರಿನಲ್ಲೂ ಬರೆಸಿ. ಬ್ಯಾಂಕಿನವರು ಆಕ್ಷೇಪಿಸುವುದಿಲ್ಲ, ಖರ್ಚೆಲ್ಲ ಹಿಡಿದ ಮೇಲೂ ಕಂತು ಕಟ್ಟಬಲ್ಲ ಘಟಕ ಅವರಿಗೂ ಒಳ್ಳೆಯದೇ.

ಎರಡನೆಯದು ಕಚ್ಚಾ ಕಾಫಿಯ ಬೆಲೆ. ‘ಸ್ವಂತ ತೋಟ ಇದೆ’ ಎಂದು ಕೇಳಿದ ಕೂಡಲೇ ಆ ಸಾಲಿನಲ್ಲಿ ಕೊಯ್ಲಿನ ಖರ್ಚನ್ನಷ್ಟೇ ಬರೆಯುತ್ತಾರೆ, ಕೆಲವೊಮ್ಮೆ ಅದನ್ನೂ ಬರೆಯುವುದಿಲ್ಲ. ತೋಟ ಗಂಡನ ಹೆಸರಿನಲ್ಲಿರಬಹುದು, ಮಾವನವರ ಹೆಸರಿನಲ್ಲಿರಬಹುದು, ಒಕ್ಕದ, ಅಂದರೆ ಇಡೀ ಮನೆತನದ ಹೆಸರಿನಲ್ಲಿರಬಹುದು. ದರ ಏರಿದ ವರ್ಷ ಆ ಚೆರಿ ಘಟಕಕ್ಕೆ ಬರುವ ಬದಲು ವ್ಯಾಪಾರಿಯ ಲಾರಿ ಹತ್ತುತ್ತದೆ, ಘಟಕ ನಿಲ್ಲುತ್ತದೆ. ಸ್ವಂತ ತೋಟದ ಕಾಫಿಯಾದರೂ ಆ ದಿನದ ಮಾರುಕಟ್ಟೆ ದರಕ್ಕೆ ಬಿಲ್ ಮಾಡಿ, ಘಟಕದ ಖಾತೆಯಿಂದ ತೋಟದ ಖಾತೆಗೆ ದುಡ್ಡು ಹಾಕಬೇಕು. ಹೀಗೆ ಮಾಡಿದರೆ ತೋಟದ ಲಾಭವೆಷ್ಟು, ಪುಡಿಯ ಲಾಭವೆಷ್ಟು ಎಂದು ಬೇರೆಬೇರೆ ಕಾಣುತ್ತದೆ, ದುಡಿಯುವ ಬಂಡವಾಳದ ಅಗತ್ಯವೂ ಬ್ಯಾಂಕಿನ ಕಣ್ಣಿಗೆ ಬೀಳುತ್ತದೆ.

ಲೆಕ್ಕ ಸುಲಭ. ಒಣ ರೊಬಸ್ಟಾ ಚೆರಿಯ ಮೂಟೆ 50 ಕಿಲೊ. ಔಟ್‌ಟರ್ನ್ 27 ಎಂದರೆ ಹಲ್ಲರಿಗೆ (ಸಿಪ್ಪೆ ಬಿಡಿಸುವ ಯಂತ್ರಕ್ಕೆ) ಹಾಕಿದ ಮೇಲೆ ಸಿಗುವ ಬೀಜ 27 ಕಿಲೊ. ಅದನ್ನು ಹುರಿದರೆ ಸುಮಾರು 22.4 ಕಿಲೊ. ಅಂದರೆ ಒಂದು ಕಿಲೊ ಅಪ್ಪಟ ಪುಡಿಗೆ ಸುಮಾರು 2.2 ಕಿಲೊ ಚೆರಿ. ತಿಂಗಳಿಗೆ 300 ಕಿಲೊ ಪುಡಿಗೆ 13–14 ಮೂಟೆ. ಕೊಯ್ಲು ವರ್ಷಕ್ಕೊಮ್ಮೆ ಆಗುವುದರಿಂದ ಆರು ತಿಂಗಳ ದಾಸ್ತಾನು ಇಡಲು 80 ಮೂಟೆ ಬೇಕು. ಆ ದಿನದ ಚೆರಿ ದರದಿಂದ ಗುಣಿಸಿ ನೋಡಿದರೆ ದೊಡ್ಡ ಮೊತ್ತ ಬರುತ್ತದೆ, ಮತ್ತು ಇದರಲ್ಲಿ ಒಂದು ರೂಪಾಯಿಗೂ ಸಹಾಯಧನವಿಲ್ಲ.

ಸಾಲದ ಅವಧಿ

ಯೋಜನಾ ವೆಚ್ಚ 11 ಲಕ್ಷ ಎಂದುಕೊಳ್ಳಿ. ಕೈಯಿಂದ 1.10 ಲಕ್ಷ, ಬ್ಯಾಂಕ್ ಸಾಲ 9.90 ಲಕ್ಷ, ಸಹಾಯಧನ 5.50 ಲಕ್ಷ. ಈ ಸಹಾಯಧನ ಕೈಗೆ ಬರುವುದಿಲ್ಲ. ಸಾಲ ಕೊಟ್ಟ ಬ್ಯಾಂಕಿನಲ್ಲೇ ಇರುತ್ತದೆ. ಕೊನೆಯ ಕಂತಿನ ಸಾಲ ಬಿಡುಗಡೆಯಾಗಿ ಮೂರು ವರ್ಷವಾದ ಮೇಲೆ, ಘಟಕ ನಡೆಯುತ್ತಿದ್ದು ಖಾತೆ ಸರಿಯಾಗಿದ್ದರೆ, ಸಾಲಕ್ಕೆ ಹೊಂದಿಸುತ್ತಾರೆ. ಅಲ್ಲಿಯವರೆಗೆ ಕಂತು ಬೀಳುವುದು ಪೂರ್ತಿ ಸಾಲದ ಮೇಲೆ. ಈ ವಿಷಯ ತಡವಾಗಿ ಗೊತ್ತಾಗಿ ಕಂಗಾಲಾಗುವವರು ಬಹಳ.

ಹೆಂಗಸರಿಗೆ ‘ಬೇಗ ತೀರಿಸಿ ನಿಶ್ಚಿಂತೆಯಾಗಿರಿ’ ಎಂದು ಐದು ವರ್ಷದ ಅವಧಿ ಸೂಚಿಸುವುದುಂಟು. ಪ್ರೀತಿಯ ಸಲಹೆಯಂತೆ ಕೇಳುತ್ತದೆ. ಬಡ್ಡಿ ಶೇ. 11 ಎಂದು ಹಿಡಿದರೆ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 21,500 ರೂಪಾಯಿ, ಏಳು ವರ್ಷಕ್ಕೆ ಸುಮಾರು 17,000. ತಿಂಗಳಿಗೆ 4,500ರ ವ್ಯತ್ಯಾಸ, ಅದೂ ಗಿರಾಕಿ ಕಟ್ಟಿಕೊಳ್ಳಬೇಕಾದ ಮೊದಲ ಮೂರು ವರ್ಷಗಳಲ್ಲಿ. 36 ಕಂತು ಕಟ್ಟಿದ ಮೇಲೆ ಐದು ವರ್ಷದ ಸಾಲದಲ್ಲಿ ಬಾಕಿ ಉಳಿಯುವುದು ಸುಮಾರು 4.6 ಲಕ್ಷ, ಅಂದರೆ ಸಹಾಯಧನಕ್ಕಿಂತ ಕಡಿಮೆ; ಅಷ್ಟರಲ್ಲಿ ಕೈಯಿಂದ ಬೇಕಾದ್ದಕ್ಕಿಂತ ಹೆಚ್ಚು ಕಟ್ಟಿಯಾಗಿರುತ್ತದೆ. ಏಳು ವರ್ಷದ ಸಾಲದಲ್ಲಿ ಬಾಕಿ ಸುಮಾರು 6.55 ಲಕ್ಷ, ಸಹಾಯಧನ ಹೊಂದಿಸಿದರೆ ಒಂದು ಲಕ್ಷದ ಚಿಲ್ಲರೆ ಮಾತ್ರ ಉಳಿಯುತ್ತದೆ. ಆದ್ದರಿಂದ ಏಳು ವರ್ಷದ ಅವಧಿಯನ್ನೇ ಕೇಳಿ, ಮೊದಲ ಆರು ತಿಂಗಳು ಅಸಲಿನ ಕಂತಿಗೆ ವಿರಾಮ ಕೇಳಿ. ಸಹಾಯಧನದ ಮೊತ್ತ ಬ್ಯಾಂಕಿಗೆ ಬಂದ ದಿನದಿಂದ ಅಷ್ಟು ಭಾಗಕ್ಕೆ ಬಡ್ಡಿ ಹಾಕುತ್ತೀರಾ, ಇಲ್ಲವಾ ಎಂಬ ಪ್ರಶ್ನೆಗೆ ಮಂಜೂರಾತಿ ಪತ್ರದಲ್ಲೇ ಉತ್ತರ ಇರಬೇಕು.

‘ಯಜಮಾನ್ರನ್ನ ಕರ್ಕೊಂಡು ಬನ್ನಿ’

ಶಾಖೆಯಲ್ಲಿ ಕೇಳಿಬರುವ ಮಾತು ಇದು. ಅರ್ಜಿ ತಿರಸ್ಕರಿಸುವುದಿಲ್ಲ, ಮುಂದಕ್ಕೆ ಹಾಕುತ್ತಾರೆ. ಟರ್ಕಿಯಲ್ಲಿ ಸಾಲಾಧಿಕಾರಿಗಳ ಮುಂದೆ ಒಂದೇ ಅರ್ಜಿಯನ್ನು ಒಮ್ಮೆ ಗಂಡಸಿನ ಹೆಸರಿನಲ್ಲಿ, ಒಮ್ಮೆ ಹೆಂಗಸಿನ ಹೆಸರಿನಲ್ಲಿ ಇಟ್ಟು ನಡೆಸಿದ ಅಧ್ಯಯನದಲ್ಲಿ ಮಂಜೂರಾತಿಯ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೆಂಗಸಿನ ಹೆಸರಿದ್ದಾಗ ಜಾಮೀನುದಾರರನ್ನು ಕೇಳುವ ಸಾಧ್ಯತೆ ಮಾತ್ರ ಶೇ. 26 ಹೆಚ್ಚಿತ್ತು. ಗಂಡಸರದ್ದೆಂದು ಹೆಸರಾದ ಉದ್ದಿಮೆಗಳಲ್ಲಿ ಇದು ಇನ್ನೂ ಎದ್ದು ಕಂಡಿತು. ಕೊಡಗಿನಲ್ಲಿ ಕಾಫಿ ಅಂಥದ್ದೇ ಉದ್ದಿಮೆ.

ಇದಕ್ಕೆ ಕೊಡಬೇಕಾದ ಉತ್ತರ ನಿಯಮದಲ್ಲೇ ಇದೆ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಒಂದು ಮಿತಿಯವರೆಗಿನ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡಮಾನ ಕೇಳುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ; ಮೊದಲು 10 ಲಕ್ಷವಿದ್ದ ಆ ಮಿತಿ 2026ರ ಏಪ್ರಿಲ್‌ನಿಂದ 20 ಲಕ್ಷ. ಮೇಲಿನ ಉದಾಹರಣೆಯ 9.90 ಲಕ್ಷದ ಸಾಲ ಈ ಮಿತಿಯೊಳಗೇ ಇದೆ. ಮಿತಿಗಿಂತ ಮೇಲೆ ಬೇಕಿದ್ದರೆ ಸಿಜಿಟಿಎಂಎಸ್‌ಇ (ಸಣ್ಣ ಉದ್ಯಮಗಳ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡುವ ಟ್ರಸ್ಟ್) ಖಾತರಿಯಡಿ ಕೊಡಿ ಎಂದು ಅರ್ಜಿಯಲ್ಲೇ ಬರೆಯಿರಿ. ಅಡಮಾನ, ಮೂರನೆಯವರ ಜಾಮೀನು ಎರಡೂ ಇಲ್ಲದೆ ಸಾಲ ಕೊಡಲೆಂದೇ ಇರುವ ಖಾತರಿ ಅದು. ಸಾಮಾನ್ಯವಾಗಿ ಶೇ. 75 ಖಾತರಿ ಇರುವಲ್ಲಿ ಮಹಿಳೆಯರ ಘಟಕಕ್ಕೆ ಶೇ. 90, ಖಾತರಿ ಶುಲ್ಕದಲ್ಲೂ ಶೇ. 10 ರಿಯಾಯಿತಿ. ಗಂಡನನ್ನು ಸಹ-ಅರ್ಜಿದಾರ ಮಾಡಿ ಎಂದರೆ ಒಪ್ಪುವ ಮೊದಲು ಯೋಚಿಸಿ. ಘಟಕದ ಒಡೆತನ, ಖಾತೆಯ ಸಹಿ, ಉದ್ಯಮ್ ನೋಂದಣಿ ಎಲ್ಲ ಒಬ್ಬಳ ಹೆಸರಿನಲ್ಲೇ ಇದ್ದರೆ ಮುಂದೆ ಅವಳ ಸಾಲದ ಇತಿಹಾಸ ಅವಳದ್ದಾಗಿಯೇ ಬೆಳೆಯುತ್ತದೆ.

ಹೆಂಡತಿಯ ಹೆಸರಿನ ಸಾಲ ಗಂಡನ ವ್ಯವಹಾರಕ್ಕೆ ಹೋಗುವುದು ನಮ್ಮಲ್ಲಿ ಮಾತ್ರವಲ್ಲ. ಭಾರತ, ಶ್ರೀಲಂಕಾ, ಘಾನಾಗಳ ಮಾಹಿತಿ ಇಟ್ಟುಕೊಂಡು ಅರ್ಥಶಾಸ್ತ್ರಜ್ಞರು ನೋಡಿದಾಗ, ಮಹಿಳೆಯರಿಗೆ ಕೊಟ್ಟ ಬಂಡವಾಳದಿಂದ ಲಾಭ ಕಡಿಮೆ ಎಂಬ ಹಳೆಯ ತೀರ್ಮಾನಕ್ಕೆ ದೊಡ್ಡ ಕಾರಣವಾಗಿ ಕಂಡಿದ್ದು ಇದೇ: ದುಡ್ಡು ಮನೆಯ ಇನ್ನೊಂದು ವ್ಯಾಪಾರಕ್ಕೆ ಹರಿದಿತ್ತು. ಮನೆಯಲ್ಲಿ ಅವಳದ್ದೊಂದೇ ವ್ಯಾಪಾರವಿದ್ದ ಕಡೆ ಆ ಅಂತರ ಕಾಣಲಿಲ್ಲ. ಹಾಗಾಗಿ ಸಾಲದ ಹಣ ನೇರವಾಗಿ ಯಂತ್ರ ಪೂರೈಸುವವರ ಖಾತೆಗೆ ಹೋಗಲಿ, ಘಟಕದ ಚಾಲ್ತಿ ಖಾತೆಗೆ ಅವಳೊಬ್ಬಳದ್ದೇ ಸಹಿ ಇರಲಿ. ಬ್ಯಾಂಕಿಗೆ ಒಬ್ಬರೇ ಹೋಗಬೇಡಿ ಎಂಬ ಸಲಹೆಯನ್ನೂ ಧೈರ್ಯವಾಗಿ ಕೊಡುತ್ತೇವೆ. ಅಹಮದಾಬಾದಿನಲ್ಲಿ ಮಹಿಳೆಯರದ್ದೇ ಸಹಕಾರಿ ಬ್ಯಾಂಕಾದ ಸೇವಾ ಬ್ಯಾಂಕಿನ ಗ್ರಾಹಕರಿಗೆ ಕೊಟ್ಟ ವ್ಯವಹಾರ ತರಬೇತಿಯಲ್ಲಿ, ಗೆಳತಿಯ ಜೊತೆ ಬಂದವರು ಮುಂದೆ ಸಾಲ ಪಡೆದು ವ್ಯಾಪಾರಕ್ಕೆ ತೊಡಗಿಸಿದ್ದು ಹೆಚ್ಚು. ಸಂಘದ ಇನ್ನೊಬ್ಬ ಸದಸ್ಯೆ ಪಕ್ಕದಲ್ಲಿ ಕೂತರೆ ಯಜಮಾನರ ಮಾತು ಬರುವುದೂ ಕಡಿಮೆ.

ಕಾಗದಪತ್ರ

ಕೊಡಗಿನದ್ದೇ ಆದ ತೊಡಕು ಇಲ್ಲಿದೆ. ಜಮ್ಮಾ ಬಾಣೆಯ (ಒಕ್ಕಕ್ಕೆ ಪರಂಪರೆಯಿಂದ ಬಂದ ಜಮೀನಿನ) ಪಹಣಿಯಲ್ಲಿ ಒಕ್ಕದ ಹಿರಿಯರಾದ ಪಟ್ಟೇದಾರರ ಹೆಸರಿನೊಂದಿಗೆ ಒಕ್ಕದ ಹಲವರ ಹೆಸರು ಇರುತ್ತದೆ. ಮದುವೆಯಾಗಿ ಬಂದ ಸೊಸೆಯ ಹೆಸರು ಇರುವುದು ಅಪರೂಪ. ಶೆಡ್ ಆ ಜಾಗದಲ್ಲಿದ್ದರೆ ಬ್ಯಾಂಕು ‘ಜಾಗ ಯಾರದ್ದು’ ಎಂದು ಕೇಳುತ್ತದೆ, ಮಾತು ಮತ್ತೆ ಗಂಡನ ಕಡೆಗೆ ತಿರುಗುತ್ತದೆ. ದಾರಿ ಇದೆ: ಯೋಜನೆಗೆ ಜಾಗದ ಒಡೆತನ ಬೇಡ, ಬಾಡಿಗೆ ಕರಾರು ನಡೆಯುತ್ತದೆ. 11 ತಿಂಗಳ ಕರಾರು ಏಳು ವರ್ಷದ ಸಾಲಕ್ಕೆ ಸಾಲದು. ಸಾಲದ ಅವಧಿಗೆ ಹೊಂದುವಂತೆ ನೋಂದಾಯಿತ ಕರಾರು ಮಾಡಿಸಿ. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಬೇಕೇ ಬೇಕು. ಜಾಗಕ್ಕೆ ಹಲವರು ಹಕ್ಕುದಾರರಿದ್ದರೆ ಅವರೆಲ್ಲರ ಒಪ್ಪಿಗೆ ಪತ್ರ ಜೊತೆಗಿರಲಿ. ಅದು ಕೈಗೆ ಬರುವುದು ಕಷ್ಟವೆನಿಸಿದರೆ ಕುಶಾಲನಗರದಂಥ ಪೇಟೆಯಲ್ಲಿ ಬಾಡಿಗೆ ಶೆಡ್ ಹಿಡಿಯುವುದೇ ಲೇಸು.

ಹೆಸರಿನ ಗೊಂದಲವೂ ಅಷ್ಟೇ ಕಾಡುತ್ತದೆ. ಆಧಾರ್‌ನಲ್ಲಿ ಗಂಡನ ಮನೆ ಹೆಸರು, ಪಾನ್‌ನಲ್ಲಿ ತವರು ಮನೆ ಹೆಸರು, ಅಂಕಪಟ್ಟಿಯಲ್ಲಿ ತಂದೆಯ ಹೆಸರು. ಉದ್ಯಮ್ ನೋಂದಣಿ ಉಚಿತ, ಹತ್ತು ನಿಮಿಷದ ಕೆಲಸ, ಆದರೆ ಆಧಾರ್ ಮತ್ತು ಪಾನ್ ತಾಳೆಯಾಗದಿದ್ದರೆ ಅಲ್ಲೇ ನಿಲ್ಲುತ್ತದೆ. ಕೊಟೇಶನ್ ತರಿಸುವ ಮೊದಲೇ ಇದನ್ನು ಸರಿಪಡಿಸಿಕೊಳ್ಳಿ. ಪಂಚಾಯಿತಿ ಪರವಾನಗಿ, ವಹಿವಾಟಿನ ಅಂದಾಜಿಗೆ ತಕ್ಕ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನೋಂದಣಿ, ಪೊಟ್ಟಣ ಮಾಡಿ ಮಾರುವುದರಿಂದ ಕಾನೂನು ಮಾಪನ ಇಲಾಖೆಯಲ್ಲಿ ಪ್ಯಾಕರ್ ನೋಂದಣಿ: ಇವು ಎಲ್ಲರಿಗೂ ಒಂದೇ.

ಯಂತ್ರ ಕೊಳ್ಳುವಾಗ

ಯಂತ್ರ ಮಾರುವವರು ತಾಂತ್ರಿಕ ವಿಷಯವನ್ನು ಪಕ್ಕದಲ್ಲಿ ನಿಂತ ಗಂಡಸಿಗೆ ವಿವರಿಸಿ, ಬಣ್ಣ ಯಾವುದು ಬೇಕೆಂದು ಹೆಂಗಸನ್ನು ಕೇಳುವುದು ಹೊಸತೇನಲ್ಲ. ಕೊಟೇಶನ್‌ನಲ್ಲಿ ಇವನ್ನು ಬರೆಸಿಕೊಳ್ಳಿ: ಬ್ಯಾಚ್ ಗಾತ್ರ ಹಸಿ ಬೀಜದ ತೂಕದಲ್ಲಿ ಎಷ್ಟು, ಮೋಟಾರಿನ ಎಚ್‌ಪಿ ಎಷ್ಟು, ಸಿಂಗಲ್ ಫೇಸಾ ತ್ರೀ ಫೇಸಾ, ಗಂಟೆಗೆ ಎಷ್ಟು ಗ್ಯಾಸ್, ತಣಿಸುವ ತಟ್ಟೆ ಮತ್ತು ಸಿಪ್ಪೆ ಹಿಡಿಯುವ ಸೈಕ್ಲೋನ್ ದರದಲ್ಲಿ ಸೇರಿದೆಯೇ, ಬಿಡಿಭಾಗ ಎಷ್ಟು ದಿನದಲ್ಲಿ ಬರುತ್ತದೆ. ‘ಯಂತ್ರ ನಡೆಸುವ ತರಬೇತಿ’ ಎಂಬ ಸಾಲಿನಲ್ಲಿ ಒಡತಿಯ ಹೆಸರು ಇರಲೇಬೇಕು. ತರಬೇತಿ ಗಂಡನಿಗೋ ಡ್ರೈವರಿಗೋ ಆದರೆ, ಹುರಿಯುವಾಗ ಬರ್ನರ್ ಆರಿದ ದಿನ ಅವರಿಗಾಗಿ ಕಾಯುತ್ತಾ ಕೂರಬೇಕು.

ಪರೀಕ್ಷೆಯಿಲ್ಲದೆ ಕೊನೆಯ ಶೇ. 10 ಹಣ ಬಿಡಬೇಡಿ. ಪೂರ್ತಿ 5 ಕಿಲೊ ಹಾಕಿ ಬೆನ್ನುಬೆನ್ನಿಗೆ ನಾಲ್ಕು ಬ್ಯಾಚ್ ತೆಗೆಸಿ. ಪ್ರತಿ ಬ್ಯಾಚಿನ ಒಳತೂಕ, ಹೊರತೂಕ ಬರೆಯಿರಿ. ಮೊದಲ ಬ್ಯಾಚಿಗೂ ನಾಲ್ಕನೆಯದಕ್ಕೂ ಬಣ್ಣ, ತೂಕದ ಇಳಿತ ಹತ್ತಿರ ಹತ್ತಿರ ಇರಬೇಕು. ಬೀಜ ಮೊದಲ ಬಾರಿ ಚಟಪಟ ಸಿಡಿಯುವುದು ಸುಮಾರು 195–200 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಸದ್ದು ಕೇಳುವಾಗ ಥರ್ಮಾಮೀಟರ್ ಬೇರೇನೋ ತೋರಿಸಿದರೆ ಸೆನ್ಸರ್ ಕೂತ ಜಾಗ ಸರಿಯಿಲ್ಲ. ಬೀಜ ಸುರಿಯುವ ಬಾಯಿಯ ಎತ್ತರವನ್ನು ಅಳೆಯಿರಿ. ಬಹುತೇಕ ಯಂತ್ರಗಳಲ್ಲಿ ಅದು ಐದಡಿ ಎತ್ತರದ ಹೆಂಗಸಿನ ತಲೆಗಿಂತ ಮೇಲಿರುತ್ತದೆ. ದಿನಕ್ಕೆ 18 ಬ್ಯಾಚ್ ಎಂದರೆ 18 ಸಲ 5 ಕಿಲೊ ತಲೆಯೆತ್ತರಕ್ಕೆ ಎತ್ತಬೇಕು. ಕಬ್ಬಿಣದ ಎರಡು ಮೆಟ್ಟಿಲನ್ನು ಯಂತ್ರದ ಜೊತೆಗೇ ಮಾಡಿಸಿ, ಬೀಜವನ್ನು 25 ಕಿಲೊ ಚೀಲದಲ್ಲಿ ತುಂಬಿಸಿ ತರಿಸಿ. ‘ಈ ಕೆಲಸ ಹೆಂಗಸರ ಕೈಲಿ ಆಗಲ್ಲ’ ಎನ್ನುವವರ ಮಾತಿನ ಹಿಂದೆ ಇರುವುದು ಇಂಥ ಎರಡು ಮೆಟ್ಟಿಲಿನ ಕೊರತೆ.

ಕೊಡಗಿನ ಮಳೆಗಾಲಕ್ಕೆ ತಕ್ಕ ತಯಾರಿ ಬೇರೆಯೇ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಲೈನ್ ಹೋಗುವುದು ಮಾಮೂಲು. ಹುರಿಯುವ ಮಧ್ಯೆ ಕರೆಂಟ್ ಹೋಗಿ ಡ್ರಮ್ ನಿಂತರೆ ಬಿಸಿ ಕಬ್ಬಿಣಕ್ಕೆ ತಾಗಿದ ಬೀಜ ಕರಟುತ್ತದೆ, ಬೆಂಕಿಯೂ ಹತ್ತಬಹುದು. ಡ್ರಮ್ ಮತ್ತು ತಣಿಸುವ ಫ್ಯಾನಿಗಾದರೂ ಸಾಲುವಷ್ಟು ಇನ್ವರ್ಟರ್ ಅಥವಾ ಡ್ರಮ್ ತಿರುಗಿಸುವ ಕೈಹಿಡಿ ಇರಬೇಕು. ಇದನ್ನು ಯಂತ್ರೋಪಕರಣದ ಪಟ್ಟಿಯಲ್ಲೇ ಬರೆಸಿ. ತೇವಾಂಶ ಅಳೆಯುವ ಮೀಟರ್ ಕೂಡ ಅದೇ ಪಟ್ಟಿಯಲ್ಲಿರಲಿ. ಹಸಿ ಬೀಜದ ತೇವ ಶೇ. 12 ದಾಟಿದರೆ ಬೂಷ್ಟು ಹಿಡಿಯುತ್ತದೆ. ಹುರಿದ ಬೀಜ ಇಂಗಾಲದ ಡೈ ಆಕ್ಸೈಡ್ ಬಿಡುತ್ತಿರುತ್ತದೆ, ಕೂಡಲೇ ಸೀಲ್ ಮಾಡಿದರೆ ಪೊಟ್ಟಣ ಊದಿಕೊಳ್ಳುತ್ತದೆ. ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ಪುಡಿ ಮಾಡಿ, ಬೀಜವನ್ನೇ ಮಾರುವುದಾದರೆ ವಾಲ್ವ್ ಇರುವ ಪೊಟ್ಟಣ ಬಳಸಿ. ಚಿಕೋರಿ ತೇವ ಎಳೆದುಕೊಂಡು ಗ್ರೈಂಡರಿಗೆ ಅಂಟುತ್ತದೆ, ಆದ್ದರಿಂದ ಕಾಫಿ ಪುಡಿಯಾದ ಮೇಲೆಯೇ ಬೆರೆಸುವುದು ಒಳ್ಳೆಯದು. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವೂ ಲೇಬಲ್ ಮೇಲೆ ಕಾಣಬೇಕು. ‘ಕೂರ್ಗ್ ಅರೇಬಿಕಾ’ಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ, ರೊಬಸ್ಟಾ ಪೊಟ್ಟಣದ ಮೇಲೆ ಆ ಹೆಸರು ಹಾಕುವುದು ತಪ್ಪು. ‘ಹೋಮ್‌ಮೇಡ್’ ಎಂಬ ಪದವನ್ನೂ ಕೈಬಿಡಿ ಎನ್ನುವುದು ನಮ್ಮ ಅಭಿಪ್ರಾಯ. ಅಂಗಡಿಯವರು ಆ ಪದ ನೋಡಿದ ಕೂಡಲೇ ದರ ಇಳಿಸಿ ಕೇಳುತ್ತಾರೆ, ‘ಮಾರಾಟವಾದ ಮೇಲೆ ದುಡ್ಡು’ ಎನ್ನುತ್ತಾರೆ. ಹುರಿದ ದಿನಾಂಕ, ತಳಿ, ತೋಟದ ಊರು ಬರೆದ ಪೊಟ್ಟಣಕ್ಕೆ ಆ ಮಾತು ಕಡಿಮೆ.

ದುಡಿಯುವ ಬಂಡವಾಳದ ಕೊರತೆಯೇ ಈ ಯೋಜನೆಯ ದೊಡ್ಡ ದೋಷ ಎಂದೆವು. ಯಂತ್ರದ ಸಾಲ ಮಂಜೂರಾಗುವಾಗಲೇ ಅದೇ ಶಾಖೆಯಲ್ಲಿ ಕ್ಯಾಶ್ ಕ್ರೆಡಿಟ್ (ಬೇಕಾದಾಗ ತೆಗೆದು ಮತ್ತೆ ತುಂಬುವ ಸಾಲದ) ಮಿತಿಯನ್ನೂ ಕೇಳಿ, ಕೊಯ್ಲಿಗೆ ಮುಂಚೆ ಕೈಗೆ ಸಿಗುವಂತೆ. ನಂತರ ಕೇಳಿದರೆ ಇನ್ನೊಂದು ಸುತ್ತು ಓಡಾಟ. ಮುದ್ರಾ ಸಾಲವನ್ನು ದಾಸ್ತಾನಿಗೂ ಬಳಸಬಹುದು: ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ಮಹಿಳೆ ಎಂದ ಕೂಡಲೇ ಶಿಶು ಅರ್ಜಿ ಕೈಗಿಡುವುದುಂಟು. 80 ಮೂಟೆಯ ಲೆಕ್ಕ ಮುಂದಿಟ್ಟು ಕಿಶೋರ್ ಕೇಳಿ. ಸಂಜೀವಿನಿ ಸ್ವಸಹಾಯ ಸಂಘದ ಸದಸ್ಯೆಯರು ಈಗಾಗಲೇ ಆಹಾರ ಸಂಸ್ಕರಣೆಯಲ್ಲಿ ತೊಡಗಿದ್ದರೆ ಪಿಎಂಎಫ್‌ಎಂಇಯಲ್ಲೇ ತಲಾ 40,000 ರೂಪಾಯಿ ಬೀಜಧನ ಇದೆ. ದುಡಿಯುವ ಬಂಡವಾಳಕ್ಕೂ ಸಣ್ಣ ಉಪಕರಣಕ್ಕೂ ಆಗುತ್ತದೆ. ಯೋಜನೆಯಲ್ಲಿ ಹೆಂಗಸರ ಕೈಗೆ ನೇರವಾಗಿ ಎಟುಕುವ ಭಾಗ ಇದು, ಇದರ ಬಗ್ಗೆ ಹೇಳುವವರು ಮಾತ್ರ ಕಡಿಮೆ.

ಮೂರು ಲಕ್ಷದೊಳಗೆ ಮುಗಿಯುವ ಕೆಲಸವಾದರೆ, ಹುರಿದ ಕಾಫಿ ತಂದು ಪುಡಿ ಮಾಡಿ ಪ್ಯಾಕ್ ಮಾಡುವುದಷ್ಟೇ ಆದರೆ, ರಾಜ್ಯದ ಉದ್ಯೋಗಿನಿ ಯೋಜನೆ ಹಗುರ. ಸಾಲ 3 ಲಕ್ಷದವರೆಗೆ, ಸಾಮಾನ್ಯ ವರ್ಗದವರಿಗೆ ಶೇ. 30, ಗರಿಷ್ಠ 90,000 ರೂಪಾಯಿ ಸಹಾಯಧನ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 50. ವಯಸ್ಸು 18ರಿಂದ 55. ಕುಟುಂಬದ ವಾರ್ಷಿಕ ಆದಾಯ ಸಾಮಾನ್ಯ ವರ್ಗಕ್ಕೆ 1.5 ಲಕ್ಷ, ಪರಿಶಿಷ್ಟರಿಗೆ 2 ಲಕ್ಷ ಮೀರಬಾರದು. ವಿಧವೆಯರಿಗೆ, ಅಂಗವಿಕಲ ಮಹಿಳೆಯರಿಗೆ ಆದಾಯದ ಮಿತಿಯಿಲ್ಲ. ತೋಟದ ಆದಾಯ ಗಂಡನ ಲೆಕ್ಕದಲ್ಲಿದ್ದರೂ ಕುಟುಂಬದ ಆದಾಯವೆಂದೇ ಹಿಡಿಯುವುದರಿಂದ ಬೆಳೆಗಾರರ ಮನೆಯ ಹೆಣ್ಣುಮಕ್ಕಳಿಗೆ ಇದು ಸಿಗುವುದು ಕಷ್ಟ. ತೋಟದ ಆದಾಯದಲ್ಲಿ ಅವಳ ಕೈಗೆ ಬರುವುದೆಷ್ಟು ಎಂದು ಕೇಳುವ ಕಾಲಂ ಯಾವ ಅರ್ಜಿಯಲ್ಲೂ ಇಲ್ಲ.

ಅರ್ಜಿ ಶಾಖೆಯಲ್ಲೇ ಕೂತಿದ್ದರೆ ಬಾಯಿಮಾತಿನ ‘ನೋಡೋಣ’ಕ್ಕೆ ತೃಪ್ತಿಪಡಬೇಡಿ. ಯಾವ ಕಾಗದ ಕೊರತೆಯಾಗಿದೆ ಎಂದು ಬರಹದಲ್ಲಿ ಕೇಳಿ, ಆ ಪತ್ರದ ಪ್ರತಿಗೆ ಶಾಖೆಯ ಸೀಲು ಹಾಕಿಸಿಕೊಳ್ಳಿ. ತಿರಸ್ಕರಿಸಿದರೆ ಕಾರಣವನ್ನೂ ಬರಹದಲ್ಲೇ ಪಡೆಯಿರಿ. ಜಿಲ್ಲಾ ಸಂಪನ್ಮೂಲ ವ್ಯಕ್ತಿಗೂ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೂ ಅದರ ಪ್ರತಿ ಕೊಡಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ) ಆನ್‌ಲೈನ್‌ನಲ್ಲಿ ದೂರು ಸಲ್ಲಿಸಬಹುದು, ಶುಲ್ಕವಿಲ್ಲ. ಸಾಲ ಕೊಡಬೇಕೋ ಬೇಡವೋ ಎಂಬ ಬ್ಯಾಂಕಿನ ವ್ಯಾವಹಾರಿಕ ತೀರ್ಮಾನದಲ್ಲಿ ಅವರು ಕೈಹಾಕುವುದಿಲ್ಲ. ವಿಳಂಬ, ಮಿತಿಯೊಳಗಿನ ಸಾಲಕ್ಕೂ ಅಡಮಾನದ ಒತ್ತಾಯ ಮುಂತಾದ ಸೇವಾಲೋಪದ ದೂರಿಗೆ ಸೀಲು ಬಿದ್ದ ಆ ಪ್ರತಿಯೇ ಆಧಾರ.